ನಂಬಿಕೆಯೆಂಬ ಬಂಡವಾಳ

ಹೊಲದಲ್ಲಿ ಬಿತ್ತುವ ರೈತನು ಮನೆಮಂದಿ ಉಣ್ಣಬಹುದಾಗಿದ್ದ ಧಾನ್ಯವನ್ನೇ ಮಣ್ಣಿಗೆ ಹಾಕುತ್ತಾನೆ. ಮಳೆ ಬಂದೀತು, ಪೈರು ಬೆಳೆದೀತು, ಒಂದು ಹತ್ತಾಗಿ ಮರಳೀತು ಎಂಬ ನಂಬಿಕೆಯೇ ಅವನಿಂದ ಈ ಕೆಲಸವನ್ನು ಮಾಡಿಸುತ್ತದೆ. ವ್ಯಾಪಾರೋದ್ಯಮಗಳ ರೀತಿಯೂ ಇದೇ. ಅಂಗಡಿಯವನು ಇಂದು ಸರಕನ್ನು ಕೊಳ್ಳುವುದು ನಾಳೆ ಗಿರಾಕಿಗಳು ಬರುವರೆಂಬ ಭರವಸೆಯಿಂದ. ಕಾರ್ಖಾನೆಯವನು ಹೊಸ ಯಂತ್ರವನ್ನು ಹೂಡುವುದು ಮುಂದಿನ ವರ್ಷ ಬೇಡಿಕೆ ಹೆಚ್ಚುವುದೆಂಬ ನಿರೀಕ್ಷೆಯಿಂದ. ನಾಳಿನ ಕುರಿತಾದ ಈ ನಿರೀಕ್ಷೆಗೆ ವ್ಯಾಪಾರ ವಿಶ್ವಾಸ ಎಂದು ಹೆಸರು.

ಈ ವಿಶ್ವಾಸವು ಒಬ್ಬನಲ್ಲಿಯೇ ನಿಲ್ಲುವಂಥದಲ್ಲ. ಕಾರ್ಖಾನೆಯು ಹತ್ತು ಮಂದಿಗೆ ಹೊಸದಾಗಿ ಕೆಲಸ ಕೊಟ್ಟರೆ ಅವರ ಕೂಲಿಯು ದಿನಸಿಯ ಅಂಗಡಿಗೆ, ಬಟ್ಟೆಯ ಅಂಗಡಿಗೆ, ಮನೆ ಕಟ್ಟುವ ಮೇಸ್ತ್ರಿಗೆ ಹರಿಯುತ್ತದೆ. ಅವರಲ್ಲಿಯೂ ಧೈರ್ಯ ಮೂಡುತ್ತದೆ. ಹಾಗೆಯೇ ಅಂಜಿಕೆಯೂ ಒಬ್ಬರಿಂದೊಬ್ಬರಿಗೆ ಹರಡುತ್ತದೆ. ಎಲ್ಲರೂ ನಾಳೆಗೆ ಹೆದರಿ ಕೈ ಬಿಗಿಹಿಡಿದರೆ ಯಾರ ಸರಕೂ ಮಾರಾಟವಾಗದೆ ಹೆದರಿಕೆಯೇ ನಿಜವಾಗಿಬಿಡುತ್ತದೆ.

ಉಡುಪಿ ಜಿಲ್ಲೆಯಲ್ಲಿ ಇದರ ಕುರುಹುಗಳನ್ನು ಬರಿಗಣ್ಣಿನಿಂದಲೇ ಕಾಣಬಹುದು. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನಗಳ ಕಾಲ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಆ ದಿನಗಳಲ್ಲಿ ಕಾಪುವಿನಿಂದ ಮಲ್ಪೆಯವರೆಗಿನ ತೀರದಲ್ಲಿ ಬಲೆಗಳ ದುರಸ್ತಿ ನಡೆಯುತ್ತದೆ. ದೋಣಿಗಳಿಗೆ ಬಣ್ಣ ಬಳಿಯಲಾಗುತ್ತದೆ. ಮೀನು ಇನ್ನೂ ನೀರಿನಲ್ಲಿರುವಾಗಲೇ ಡೀಸೆಲ್, ಮಂಜುಗಡ್ಡೆ, ಕೂಲಿ ಇವುಗಳಿಗೆ ಹಣ ಹೊಂದಿಸಬೇಕು. ದೋಣಿಯ ಒಡೆಯನು ಹೊಸ ಬಲೆಯನ್ನು ಕೊಳ್ಳುವನೋ, ಹಳೆಯದನ್ನೇ ಹೊಲಿಸುವನೋ ಎಂಬುದರಲ್ಲಿ ಅವನ ಮನಸ್ಸಿನ ಲೆಕ್ಕಾಚಾರವು ತಿಳಿಯುತ್ತದೆ.

ಗೋಮಟೇಶ್ವರನ ವಿಗ್ರಹದಿಂದ ಪ್ರಸಿದ್ಧವಾದ ಕಾರ್ಕಳದ ಸುತ್ತಮುತ್ತ ಗೇರುಬೀಜದ ಕಾರ್ಖಾನೆಗಳಿವೆ. ಅಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ಹೆಂಗಸರು. ಗೇರುಬೀಜವು ದೊರೆಯುವುದು ಬೇಸಗೆಯ ಕೆಲವೇ ತಿಂಗಳುಗಳಲ್ಲಿ. ಸ್ಥಳೀಯ ಬೆಳೆ ಸಾಲದೆ ಆಫ್ರಿಕದ ದೇಶಗಳಿಂದಲೂ ತರಿಸಬೇಕಾಗುತ್ತದೆ. ಆದುದರಿಂದ ಕಾರ್ಖಾನೆಯವನು ತಿಂಗಳುಗಟ್ಟಲೆಗೆ ಬೇಕಾದ ಬೀಜವನ್ನು ಮೊದಲೇ ಕೊಂಡು ಕೂಡಿಡುತ್ತಾನೆ. ತಿರುಳಿನ ಬೆಲೆ ಕುಸಿಯುವುದೆಂಬ ಅಳುಕು ಅವನಿಗೆ ಬಂದರೆ ಬೀಜದ ಖರೀದಿ ಇಳಿಯುತ್ತದೆ. ಅದರ ಫಲವಾಗಿ ಬೀಜ ಸುಲಿಯುವ ಕೈಗಳಿಗೆ ಕೆಲಸದ ದಿನಗಳು ಕಡಿಮೆಯಾಗುತ್ತವೆ. ಎಲ್ಲಿಯೋ ದೂರದ ಪೇಟೆಯಲ್ಲಿ ಹುಟ್ಟಿದ ಸಂಶಯವು ಕಾರ್ಕಳದ ಒಂದು ಮನೆಯ ಒಲೆಯನ್ನು ಮುಟ್ಟುವ ಬಗೆ ಇದು.

ಮಣಿಪಾಲದ ಕತೆ ಬೇರೆ ತೆರನಾದುದು. 1953ರಲ್ಲಿ ಡಾ. ಟಿ. ಎಂ. ಎ. ಪೈ ಅವರು ಅಲ್ಲಿನ ಗುಡ್ಡದ ಮೇಲೆ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದರು. ವಿದ್ಯಾಸಂಸ್ಥೆಗಳು ಬೆಳೆದಂತೆ ವಸತಿಗೃಹ, ಹೋಟೆಲು, ಅಂಗಡಿ, ವಾಹನಗಳು ಅವುಗಳ ಸುತ್ತ ಬೆಳೆದವು. ಆದರೆ ಒಂದೇ ಕಂಬವನ್ನು ಆಧರಿಸಿದ ಚಪ್ಪರಕ್ಕೆ ಅಪಾಯವೂ ಉಂಟು. 2020ರ ಮಾರ್ಚ್‌ನಲ್ಲಿ ಸಾಂಕ್ರಾಮಿಕ ರೋಗದಿಂದಾಗಿ ದೇಶವೇ ಸ್ತಬ್ಧಗೊಂಡು ವಿದ್ಯಾರ್ಥಿಗಳು ಊರುಗಳಿಗೆ ಮರಳಿದಾಗ, ಅವರನ್ನೇ ನಂಬಿದ್ದ ಅಂಗಡಿಗಳ ವ್ಯಾಪಾರವೂ ಅವರೊಡನೆಯೇ ಹೊರಟುಹೋಯಿತು.

ನಿರೀಕ್ಷೆಯೊಂದಿದ್ದರೆ ಸಾಲದು; ಅದನ್ನು ಕಾರ್ಯರೂಪಕ್ಕೆ ತರಲು ಹಣವೂ ಬೇಕು. ಆ ಹಣವನ್ನು ಒದಗಿಸುವ ಕಾರ್ಯದಲ್ಲಿ ಈ ಸೀಮೆಯು ಇಡೀ ದೇಶಕ್ಕೆ ಮಾದರಿಯಾಯಿತು. 1906ರ ಮಾರ್ಚ್ 12ರಂದು ಖಾನ್ ಬಹಾದ್ದೂರ್ ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬರು ಇತರ ಮಹನೀಯರೊಡಗೂಡಿ 5000 ರೂಪಾಯಿಗಳ ಬಂಡವಾಳದಿಂದ ಉಡುಪಿಯಲ್ಲಿ ಒಂದು ಬ್ಯಾಂಕನ್ನು ಆರಂಭಿಸಿದರು. ಮೊದಲ ದಿನ ಅಲ್ಲಿ ಸಂಗ್ರಹವಾದ ಹಣ 38 ರೂಪಾಯಿ 13 ಆಣೆ 2 ಪೈ. ಮುಂದೆ ಕಾರ್ಪೊರೇಷನ್ ಬ್ಯಾಂಕ್ ಎಂದು ಪ್ರಸಿದ್ಧಿಗೆ ಬಂದ ಸಂಸ್ಥೆ ಇದೇ.

1925ರಲ್ಲಿ ಉಡುಪಿಯಲ್ಲಿಯೇ ಇನ್ನೊಂದು ಬ್ಯಾಂಕು ಹುಟ್ಟಿತು. ಆಗ ಕೈಮಗ್ಗದ ಉದ್ಯಮವು ಕಷ್ಟಕ್ಕೆ ಸಿಕ್ಕಿ ನೇಕಾರರು ಕಂಗಾಲಾಗಿದ್ದರು. ಅವರಿಗೆ ನೆರವಾಗುವ ಉದ್ದೇಶದಿಂದ ವ್ಯಾಪಾರಿ ಉಪೇಂದ್ರ ಅನಂತ ಪೈ, ಎಂಜಿನಿಯರ್ ವಾಮನ ಕುಡ್ವ, ವೈದ್ಯ ಟಿ. ಎಂ. ಎ. ಪೈ ಈ ಮೂವರು 8000 ರೂಪಾಯಿಗಳ ಬಂಡವಾಳವನ್ನು ಕೂಡಿಸಿದರು. ಅದೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿತು. 1928ರಲ್ಲಿ ಅದು ಪಿಗ್ಮಿ ಠೇವಣಿ ಎಂಬ ಯೋಜನೆಯನ್ನು ಜಾರಿಗೆ ತಂದಿತು. ಬ್ಯಾಂಕಿನ ಪ್ರತಿನಿಧಿಯು ಪ್ರತಿದಿನ ಮನೆಬಾಗಿಲಿಗೆ ಬಂದು ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಪಡೆದುಕೊಂಡು ಹೋಗುತ್ತಿದ್ದನು.

ಎರಡಾಣೆ ಅಲ್ಪವೆಂದು ತೋರಬಹುದು. ಆಗ ರೂಪಾಯಿಗೆ 16 ಆಣೆ. ದಿನಕ್ಕೆ ಎರಡಾಣೆಯಂತೆ 365 ದಿನ ಉಳಿಸಿದರೆ 730 ಆಣೆ, ಅಂದರೆ 45 ರೂಪಾಯಿ 10 ಆಣೆಗಳಾಗುತ್ತವೆ. ಹೂವು ಮಾರುವವಳ, ಮೀನು ಹೊರುವವಳ, ನೇಕಾರನ ಇಂತಹ ಉಳಿತಾಯಗಳು ಒಂದೆಡೆ ಸೇರಿ ಮತ್ತೊಬ್ಬನ ಮಗ್ಗಕ್ಕೋ ಅಂಗಡಿಗೋ ಸಾಲವಾಗಿ ಹೋಗುತ್ತಿದ್ದವು. ಅವನು ದುಡಿದು ಬಡ್ಡಿಸಹಿತ ಹಿಂದಿರುಗಿಸಿದಾಗ ಆ ಲಾಭದಲ್ಲಿ ಉಳಿತಾಯ ಮಾಡಿದವರಿಗೂ ಪಾಲು ದೊರೆಯುತ್ತಿತ್ತು.

ಆದರೆ ಈ ಏರ್ಪಾಡಿನ ಆಧಾರವೇ ಅದರ ಮರ್ಮಸ್ಥಾನವೂ ಹೌದು. ಬ್ಯಾಂಕು ಠೇವಣಿಯ ಹಣವನ್ನೆಲ್ಲ ಪೆಟ್ಟಿಗೆಯಲ್ಲಿಟ್ಟು ಕಾಯುವುದಿಲ್ಲ. ಹೆಚ್ಚಿನ ಭಾಗವನ್ನು ಸಾಲ ಕೊಡುತ್ತದೆ. ಠೇವಣಿದಾರರೆಲ್ಲರೂ ಒಂದೇ ದಿನ ಬಂದು ಹಣ ಕೇಳಿದರೆ ಸುಸ್ಥಿತಿಯಲ್ಲಿರುವ ಬ್ಯಾಂಕೂ ತತ್ತರಿಸುತ್ತದೆ. 1960ರಲ್ಲಿ ನೆರೆಯ ಕೇರಳದ ಪಾಲಾಯಿ ಸೆಂಟ್ರಲ್ ಬ್ಯಾಂಕ್ ಮುಚ್ಚಿದಾಗ ಸಾವಿರಾರು ಕುಟುಂಬಗಳು ಸಂಕಟಕ್ಕೀಡಾದವು. ಆ ಅನುಭವದಿಂದ ಎಚ್ಚೆತ್ತ ಸರಕಾರವು 1961ರಲ್ಲಿ ಠೇವಣಿ ವಿಮೆಯ ಕಾನೂನನ್ನು ರಚಿಸಿತು. ಮೊದಲಲ್ಲಿ 1500 ರೂಪಾಯಿಗಳಷ್ಟಿದ್ದ ಈ ವಿಮೆಯ ಮಿತಿಯನ್ನು 2020ರಲ್ಲಿ 5 ಲಕ್ಷ ರೂಪಾಯಿಗಳಿಗೆ ಏರಿಸಲಾಯಿತು. ಈ ರಕ್ಷಣೆಯು ಬ್ಯಾಂಕುಗಳ ಠೇವಣಿಗೆ ಮಾತ್ರ ಇರುವುದೆಂಬುದನ್ನು ಮರೆಯಬಾರದು. ದಿನವಹಿ ಹಣ ಸಂಗ್ರಹಿಸುವ ಸಾಮಾನ್ಯ ಪತ್ತಿನ ಸಹಕಾರ ಸಂಘಗಳಿಗೆ ಅದು ಅನ್ವಯಿಸುವುದಿಲ್ಲ. ಆದುದರಿಂದ ನಂಬುವವನು ವಿಚಾರಿಸಿ ನಂಬಬೇಕು. ಪ್ರತಿ ವರ್ಷದ ಲೆಕ್ಕಪತ್ರವನ್ನು ಕೇಳಿ ನೋಡುವುದು ಸದಸ್ಯನ ಹಕ್ಕು ಮಾತ್ರವಲ್ಲ, ಕರ್ತವ್ಯವೂ ಆಗಿದೆ.

ಇಂದು ವಿಶ್ವಾಸವನ್ನು ಅಳೆಯುವ ವಿಧಾನಗಳೂ ಬಂದಿವೆ. ಭಾರತೀಯ ರಿಸರ್ವ್ ಬ್ಯಾಂಕು ಮೂರು ತಿಂಗಳಿಗೊಮ್ಮೆ ಕೈಗಾರಿಕಾ ಕಂಪೆನಿಗಳನ್ನು ಉತ್ಪಾದನೆ, ಬೇಡಿಕೆ, ಉದ್ಯೋಗಗಳ ವಿಷಯದಲ್ಲಿ ಪ್ರಶ್ನಿಸುತ್ತದೆ. ನೂರು ಮಂದಿಯಲ್ಲಿ 60 ಮಂದಿ ‘ಸ್ಥಿತಿ ಸುಧಾರಿಸೀತು’ ಎಂದೂ 25 ಮಂದಿ ‘ಕೆಟ್ಟೀತು’ ಎಂದೂ ಉಳಿದವರು ‘ಹಾಗೆಯೇ ಇದ್ದೀತು’ ಎಂದೂ ಹೇಳಿದರೆಂದು ಭಾವಿಸೋಣ. 60ರಲ್ಲಿ 25ನ್ನು ಕಳೆದು ಉಳಿಯುವ 35 ವಿಶ್ವಾಸದ ಅಳತೆಯಾಗುತ್ತದೆ. ಉತ್ತರವು ಸೊನ್ನೆಗಿಂತ ಕೆಳಗಿಳಿದರೆ ಅಂಜಿಕೆಯೇ ಮೇಲುಗೈ ಪಡೆದಿದೆಯೆಂದು ಅರ್ಥ. ಆದರೆ ಕಂಪೆನಿಗಳನ್ನು ಕೇಳಿ ಪಡೆದ ಈ ಅಂಕಿಯಲ್ಲಿ ಬಲೆ ಹೊಲಿಯುವವನ ಹಾಗೂ ಬೀಜ ಸುಲಿಯುವವಳ ಮಾತು ನೇರವಾಗಿ ಸೇರಿರುವುದಿಲ್ಲ. ಅದನ್ನು ತಿಳಿಯಬೇಕಾದರೆ ಊರನ್ನೇ ಕಣ್ಣಿಟ್ಟು ನೋಡಬೇಕು.

ಉಡುಪಿಯಲ್ಲಿ ಹುಟ್ಟಿದ ಈ ಎರಡು ಬ್ಯಾಂಕುಗಳೂ ಇಂದು ತಮ್ಮ ಹೆಸರಿನಿಂದ ಉಳಿದಿಲ್ಲ. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿಯೂ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕ್ ಆಫ್ ಇಂಡಿಯಾದಲ್ಲಿಯೂ ವಿಲೀನಗೊಂಡವು. ಹೆಸರಿನ ಫಲಕಗಳು ಬದಲಾದವು. ಆದರೆ ಆ ಬ್ಯಾಂಕುಗಳು ಕಲಿಸಿದ ಪಾಠ ಹಳತಾಗಿಲ್ಲ. ಜನರು ಅವುಗಳನ್ನು ನಂಬಿದ್ದು ದೊಡ್ಡ ಕಟ್ಟಡಗಳನ್ನು ಕಂಡಲ್ಲ. ನಿನ್ನೆ ಕೊಟ್ಟ ಎರಡಾಣೆಯು ಇಂದು ಪುಸ್ತಕದಲ್ಲಿ ಸರಿಯಾಗಿ ಬರೆದಿತ್ತು. ಬೇಕೆಂದ ದಿನ ಅದು ಕೈಗೆ ಮರಳಿತು. ಹೀಗೆ ದಿನದಿನವೂ ನಡೆದ ಮಾತೇ ಒಂದು ಸೀಮೆಯ ಜನರಿಗೆ ನಾಳೆಯನ್ನು ನಂಬಿ ಬಿತ್ತುವ ಧೈರ್ಯವನ್ನು ತಂದುಕೊಟ್ಟಿತು.