ಹೆಜ್ಜೇನಿನ ಮರಿಗಳನ್ನು ಉಳಿಸುವವರು ಯಾರು?

ಬಣ್ಣಾರಿಯಿಂದ ದಿಂಬಂ ಘಾಟಿಯ 27 ತಿರುವುಗಳನ್ನು ಹತ್ತಿ ಬಂದರೆ ಹಾಸನೂರು, ಅಲ್ಲಿಂದಾಚೆ ತಾಳವಾಡಿ. ಜಿಲ್ಲೆ ಈರೋಡು, ಊರೂರಿನ ಮನೆಮಾತು ಬಹುಪಾಲು ಕನ್ನಡ. ಇಲ್ಲಿನ ಸೋಲಿಗರು ಬಂಡೆಯಿಂದಲೂ ಎತ್ತರದ ಮರಗಳಿಂದಲೂ ಇಳಿಸುವ ಹೆಜ್ಜೇನಿನ ಹಿಂದೆ ಒಂದು ಸಂಗತಿಯಿದೆ. ಅಂಗಡಿ, ತೋಟ, ಶಾಲೆ, ಆಸ್ಪತ್ರೆ ನಡೆಸುವ ನಮ್ಮ ಕುಟುಂಬಗಳೂ ಸಂಸ್ಥೆಗಳೂ ಅದನ್ನು ಗಮನಿಸಬೇಕು.

ಹೆಜ್ಜೇನು ಕಟ್ಟುವುದು ಒಂದೇ ದೊಡ್ಡ ಎರಿ. ತುಪ್ಪವಿರುವುದು ಮೇಲಿನ ಒಂದು ಮೂಲೆಯಲ್ಲಿ. ಕೆಳಗೆಲ್ಲ ಮೊಟ್ಟೆ, ಮರಿ. ಇಡೀ ಎರಿ ಕೊಯ್ದು ಹಿಂಡಿದರೆ ಕೆಲಸ ಬೇಗ ಮುಗಿಯುತ್ತದೆ, ತೂಕವೂ ಹೆಚ್ಚು, ಆದರೆ ಮರಿಗಳ ಕಥೆ ಅಲ್ಲಿಗೆ ಮುಗಿಯಿತು. ತುಪ್ಪದ ಭಾಗವನ್ನಷ್ಟೇ ತೆಗೆದರೆ ನೊಣಗಳು ಮತ್ತೆ ತುಂಬುತ್ತವೆ. ಇದನ್ನು ಕಾಡಿನವರಿಗೆ ಪೇಟೆಯವರು ಕಲಿಸಬೇಕಾಗಿಲ್ಲ. ತೊಡಕಿರುವುದು ಬೇರೆ ಕಡೆ. ವ್ಯಾಪಾರಿ ಹಣ ಕೊಡುವುದು ತೂಕಕ್ಕೆ, ಉಳಿಸಿದ ಮರಿಗಳಿಗಲ್ಲ. ಜೊತೆಗೆ ಹಗ್ಗದ ಮೇಲೆ ತೂಗುತ್ತಿರುವವನಿಗೆ ಇನ್ನೊಂದು ಚಿಂತೆ: ನಾನು ಬಿಟ್ಟುಬಂದದ್ದನ್ನು ನಾಳೆ ಮತ್ತೊಬ್ಬ ಕೊಯ್ದುಕೊಂಡು ಹೋದರೆ? ಮಗಳ ಶಾಲೆಯ ಫೀಸು ಕಟ್ಟಬೇಕಾದವನಿಗೆ ಪರಿಸರದ ಬಗ್ಗೆ ಉಪದೇಶ ಮಾಡುವುದು ಬಹಳ ಸುಲಭ. ಉಪದೇಶವೇ ನಮ್ಮ ಕಸುಬಾದ್ದರಿಂದ ಈ ಮಾತು ಹೇಳುವ ಹಕ್ಕು ನಮಗಿದೆ.

ನೀಲಗಿರಿಯ ಕೋಟಗಿರಿಯಲ್ಲಿರುವ ಕೀಸ್ಟೋನ್ ಫೌಂಡೇಶನ್ 1990ರ ದಶಕದಿಂದ ಜೇನು ಇಳಿಸುವವರೊಂದಿಗೆ ಕೆಲಸ ಮಾಡಿದೆ. ಅದರ ಆಸರೆಯಲ್ಲಿ 2013ರಲ್ಲಿ ಆದಿಮಲೈ ಪಳಂಗುಡಿಯಿನರ್ ಉತ್ಪಾದಕರ ಕಂಪನಿ ಹುಟ್ಟಿತು. ಪಳಂಗುಡಿಯಿನರ್ ಎಂದರೆ ಮೂಲನಿವಾಸಿಗಳು. ಹಾಸನೂರಿನಲ್ಲೂ ಇದರ ಕೇಂದ್ರವಿದೆ. ಒಂದೂವರೆ ಸಾವಿರಕ್ಕೂ ಹೆಚ್ಚು ಆದಿವಾಸಿಗಳೇ ಷೇರುದಾರರು, ನಡೆಸುವವರೂ ಅವರೇ. ಕಂಪನಿ ಕಾಯ್ದೆಗೆ 2002ರಲ್ಲಿ ಆದ ತಿದ್ದುಪಡಿಯಿಂದ ಬಂದ ಈ ಬಗೆಯ ಕಂಪನಿಯಲ್ಲಿ, ವ್ಯಕ್ತಿಗಳಷ್ಟೇ ಸದಸ್ಯರಾಗಿದ್ದರೆ, ಎಷ್ಟು ಷೇರಿದ್ದರೂ ಒಬ್ಬರಿಗೆ ಒಂದೇ ಮತ. 2021ರಲ್ಲಿ ಇದಕ್ಕೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಬಂತು. (ಅದೇ ವರ್ಷ ನಮ್ಮ ಹೊನ್ನಾವರದ ಸ್ನೇಹಕುಂಜ ಟ್ರಸ್ಟ್‌ಗೂ ಬಂತು.)

ಕಂಪನಿಯಲ್ಲಿ ಪಾಲುಂಟಾದರೆ ಬರುವ ವರ್ಷದ ಜೇನೂ ತನ್ನದೇ ಆಗುತ್ತದೆ. ನಾಳೆ ಬಂದು ಕೊಯ್ಯಬಹುದಾದ ಆ ಮತ್ತೊಬ್ಬನೂ ಅದೇ ಸಭೆಯಲ್ಲಿ ಪಕ್ಕದಲ್ಲೇ ಕುಳಿತಿರುತ್ತಾನೆ. ಮರಿ ಉಳಿಸುವ ಕಟ್ಟಳೆಯನ್ನು ತಾವೇ ಮಾಡಿಕೊಂಡವರು ಅದನ್ನು ಕಾಯುತ್ತಾರೆ. ಹಾಗೆಂದು ಒಳ್ಳೆಯ ಬೆಲೆ, ಹೊತ್ತಿಗೆ ಸರಿಯಾಗಿ ಹಣ ಸಿಗದಿದ್ದರೆ ಯಾವ ಕಟ್ಟಳೆಯೂ ನಿಲ್ಲದು. ಕೊಳ್ಳುವ ನಾವು ಒಂದಿಷ್ಟು ಹೆಚ್ಚು ಕೊಡಬೇಕಾದೀತು.

ಧರ್ಮೋಪದೇಶಕಾಂಡದ 22ನೆಯ ಅಧ್ಯಾಯದಲ್ಲಿ ಹಕ್ಕಿಗೂಡಿನ ಕುರಿತು ಒಂದು ಪುಟ್ಟ ಆಜ್ಞೆಯಿದೆ: ಮರಿಗಳನ್ನು ತೆಗೆದುಕೊಂಡರೂ ತಾಯಿಯನ್ನು ಬಿಟ್ಟುಬಿಡಬೇಕು. ಏನನ್ನೂ ಮುಟ್ಟಬೇಡ ಎಂದು ದೇವರು ಹೇಳಲಿಲ್ಲ. ಮುಂದಿನ ಸಂತತಿಗೆ ದಾರಿ ಬಿಡು ಎಂದರು. 2025ರಲ್ಲಿ ನಿಧನರಾದ ಜಗದ್ಗುರು ಫ್ರಾನ್ಸಿಸ್ 2015ರ ‘ಲೌದಾತೊ ಸಿ’ ವಿಶ್ವಪತ್ರದಲ್ಲಿ ಭೂಮಿಯ ನರಳಾಟವನ್ನೂ ಬಡವರ ನರಳಾಟವನ್ನೂ ಒಟ್ಟಿಗೇ ಆಲಿಸುವಂತೆ ಕೇಳಿಕೊಂಡರು. ಪಾಸ್ಕ ಜಾಗರಣೆಯ ಸ್ತುತಿಗೀತೆಯಲ್ಲಿ ಮೇಣ ಕೊಟ್ಟ ಜೇನ್ನೊಣಗಳ ನೆನಕೆ ಬರುತ್ತದೆ. ಮೇಣ ಇಳಿಸಿದವರನ್ನೂ ಅಂದು ನಾವು ನೆನೆಯಬಹುದು.

ನಮ್ಮಲ್ಲಿ ನಡೆಯುವುದೇನು? ಪ್ಲಾಸ್ಟಿಕ್ ಲೋಟ ನಿಷಿದ್ಧ ಎಂದು ಆಡಳಿತ ಮಂಡಳಿ ಸುತ್ತೋಲೆ ಹೊರಡಿಸುತ್ತದೆ. ಸುತ್ತೋಲೆ ಫಲಕದ ಮೇಲಿರುತ್ತದೆ, ಲೋಟಗಳು ಹಿತ್ತಲಲ್ಲಿ ಉರಿಯುತ್ತಿರುತ್ತವೆ. ಐನೂರು ಸ್ಟೀಲ್ ಲೋಟ ತೊಳೆಯುವವರು ಯಾರು, ಅದಕ್ಕೆ ನೀರೆಲ್ಲಿ, ಹೆಚ್ಚಿನ ಎರಡು ಗಂಟೆಗೆ ಕೂಲಿ ಎಷ್ಟು ಎಂದು ಅಡುಗೆಯ ಅಕ್ಕಂದಿರನ್ನು ಯಾರೂ ಕೇಳಿರುವುದಿಲ್ಲ. ಕರೆಂಟ್ ಬಿಲ್ಲು ಇಳಿದರೆ ಆ ಉಳಿತಾಯದಲ್ಲಿ ದೀಪ ಆರಿಸಿದ ಕೆಲಸದವನಿಗೆ ಪಾಲಿದೆಯೇ? ಧರ್ಮಕೇಂದ್ರದ ಹಬ್ಬದ ಸಿದ್ಧತೆಗೆ ಮುಂದಿನ ಸಭೆ ಕರೆಯುವಾಗ ಆ ಅಕ್ಕಂದಿರಿಗೂ ಹೇಳಿಕಳುಹಿಸಿ, ಕುರ್ಚಿ ಹಾಕಿ ಕೂರಿಸಿ, ಲೋಟದ ಮಾತನ್ನು ಮೊದಲು ಅವರಿಂದಲೇ ಕೇಳಿ.