ವಿಪತ್ತು ನಿರ್ವಹಣಾ ಶಿಕ್ಷಣದಲ್ಲಿ ಭೂಮಾಹಿತಿ ನಕ್ಷೆಗಳ ಬಳಕೆ

ವಿಪತ್ತು ನಿರ್ವಹಣಾ ಶಿಕ್ಷಣದಲ್ಲಿ ಭೂಮಾಹಿತಿ ನಕ್ಷೆಗಳ ಬಳಕೆ ಎಂದರೆ ನೆರೆ, ಬರ, ಭೂಕಂಪ, ಜನದಟ್ಟಣೆಯ ಅವಘಡ ಮೊದಲಾದ ತುರ್ತು ಸಂದರ್ಭಗಳನ್ನು ಎದುರಿಸುವ ಬಗೆಯನ್ನು ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಉಪಗ್ರಹ ಚಿತ್ರ, ಜಿಪಿಎಸ್ ಹಾಗೂ ಭೌಗೋಳಿಕ ಮಾಹಿತಿ ವ್ಯವಸ್ಥೆಗಳ (ಜಿಐಎಸ್) ನೆರವಿನಿಂದ ಕಲಿಸುವ ಕ್ರಮ. ಭೂಗೋಳಶಾಸ್ತ್ರ, ಸಿವಿಲ್ ಇಂಜಿನಿಯರಿಂಗ್, ಸಮಾಜಕಾರ್ಯ ಮತ್ತು ಸಾರ್ವಜನಿಕ ಆಡಳಿತ ವಿಷಯಗಳು ಇಲ್ಲಿ ಒಂದುಗೂಡುತ್ತವೆ. ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ತಾಲ್ಲೂಕುಗಳನ್ನೂ ಮಲಪ್ರಭಾ ನದಿಯನ್ನೂ ಉದಾಹರಣೆಯಾಗಿಟ್ಟುಕೊಂಡು ಈ ಲೇಖನವು ಆ ಕ್ರಮವನ್ನು ವಿವರಿಸುತ್ತದೆ.

ಹಿನ್ನೆಲೆ

ಆಪತ್ತನ್ನು ನಕ್ಷೆಯ ಮೇಲೆ ಗುರುತಿಸಿ ಅದರ ಮೂಲವನ್ನು ಕಂಡುಹಿಡಿಯುವ ಪದ್ಧತಿ ಕಂಪ್ಯೂಟರಿಗಿಂತ ಹಳೆಯದು. 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟ್ ಸುತ್ತಮುತ್ತ ಕಾಲರಾ ಹರಡಿದಾಗ ವೈದ್ಯ ಜಾನ್ ಸ್ನೋ ಅವರು ಸಾವು ಸಂಭವಿಸಿದ ಮನೆಗಳನ್ನು ನಕ್ಷೆಯಲ್ಲಿ ಗುರುತಿಸಿ, ಅವು ಒಂದು ನೀರಿನ ಪಂಪಿನ ಸುತ್ತ ಗುಂಪುಗೂಡಿರುವುದನ್ನು ತೋರಿಸಿದರು. 1960ರ ದಶಕದಲ್ಲಿ ಕೆನಡಾದಲ್ಲಿ ರೋಜರ್ ಟಾಮ್ಲಿನ್ಸನ್ ಅವರ ನೇತೃತ್ವದಲ್ಲಿ ಗಣಕೀಕೃತ ಭೌಗೋಳಿಕ ಮಾಹಿತಿ ವ್ಯವಸ್ಥೆ ರೂಪುಗೊಂಡಿತು.

ತುರ್ತು ನಿರ್ವಹಣೆಯು ಪದವಿ ಹಂತದ ಅಧ್ಯಯನ ವಿಷಯವಾದುದು ಇತ್ತೀಚೆಗೆ. ಅಮೆರಿಕದ ಉತ್ತರ ಟೆಕ್ಸಸ್ ವಿಶ್ವವಿದ್ಯಾಲಯವು 1983ರಲ್ಲಿ ಈ ವಿಷಯದ ಪದವಿ ಶಿಕ್ಷಣವನ್ನು ಆರಂಭಿಸಿತು. ಭಾರತದಲ್ಲಿ 2005ರ ವಿಪತ್ತು ನಿರ್ವಹಣಾ ಕಾಯ್ದೆಯು ರಾಷ್ಟ್ರ, ರಾಜ್ಯ ಮತ್ತು ಜಿಲ್ಲಾ ಹಂತಗಳಲ್ಲಿ ಪ್ರಾಧಿಕಾರಗಳಿಗೆ ಕಾನೂನಿನ ಆಧಾರ ಒದಗಿಸಿತು. ಆ ಬಳಿಕ ಈ ವಿಷಯದಲ್ಲಿ ತರಬೇತಿ ಪಡೆದವರ ಅಗತ್ಯ ಹೆಚ್ಚಿತು. 2010ರ ಜನವರಿಯಲ್ಲಿ ಹೈಟಿ ದೇಶದಲ್ಲಿ ಭೂಕಂಪ ಸಂಭವಿಸಿದಾಗ ಜಗತ್ತಿನ ನಾನಾ ಕಡೆಯ ಸ್ವಯಂಸೇವಕರು ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಅಲ್ಲಿನ ರಾಜಧಾನಿಯ ಬೀದಿಗಳನ್ನು ಗುರುತಿಸಿಕೊಟ್ಟರು. ನಕ್ಷೆ ರಚನೆಯು ಪರಿಣತರಿಗೆ ಮಾತ್ರ ಮೀಸಲಾದ ಕೆಲಸವಲ್ಲ ಎಂಬುದಕ್ಕೆ ಈ ಪ್ರಸಂಗವನ್ನು ನಿದರ್ಶನವಾಗಿ ನೀಡಲಾಗುತ್ತದೆ.

ಮಲಪ್ರಭಾ ನದಿ ಮತ್ತು ನಾಲ್ಕು ತಾಲ್ಲೂಕುಗಳು

ಮಲಪ್ರಭಾ ನದಿಯು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಪಶ್ಚಿಮ ಘಟ್ಟಗಳ ಮಡಿಲಲ್ಲಿ ಹುಟ್ಟುತ್ತದೆ. ಎಂ.ಕೆ. ಹುಬ್ಬಳ್ಳಿಯ ಬಳಿ ಪುಣೆ–ಬೆಂಗಳೂರು ಹೆದ್ದಾರಿಯನ್ನು ದಾಟಿ, ಬೈಲಹೊಂಗಲ ಮತ್ತು ಸವದತ್ತಿ ಸೀಮೆಗಳ ಮೂಲಕ ಹರಿಯುತ್ತದೆ. ಸವದತ್ತಿಯ ಸಮೀಪ ನವಿಲುತೀರ್ಥದಲ್ಲಿ ಅಣೆಕಟ್ಟು ಇದ್ದು, ಅದರ ಜಲಾಶಯಕ್ಕೆ ರೇಣುಕಾ ಸಾಗರ ಎಂಬ ಹೆಸರಿದೆ. ಅಲ್ಲಿಂದ ಮುನವಳ್ಳಿ ಹಾಗೂ ರಾಮದುರ್ಗವನ್ನು ಹಾಯ್ದು, ಮುಂದೆ ಪಟ್ಟದಕಲ್ಲು, ಐಹೊಳೆಗಳ ಬಳಿ ಸಾಗಿ ಕೂಡಲಸಂಗಮದಲ್ಲಿ ನದಿಯು ಕೃಷ್ಣೆಯನ್ನು ಸೇರುತ್ತದೆ.

ಈ ಹರಿವಿನಲ್ಲಿ ಒಂದು ವೈಪರೀತ್ಯವಿದೆ. ನದಿಯ ಮೂಲದಲ್ಲಿ ಘಟ್ಟದ ಮಳೆ ಸುರಿಯುತ್ತದೆ. ಪೂರ್ವಕ್ಕೆ ಸರಿದಂತೆ ಮಳೆ ಕಡಿಮೆಯಾಗುತ್ತ ಬರುತ್ತದೆ. ಸವದತ್ತಿ ಮತ್ತು ರಾಮದುರ್ಗ ತಾಲ್ಲೂಕುಗಳು ಬರಕ್ಕೆ ಪದೇ ಪದೇ ತುತ್ತಾಗುವ ಸೀಮೆಗಳು. ಆದರೂ ಇಲ್ಲಿನ ಹೊಳೆದಂಡೆಯ ಊರುಗಳಿಗೆ ನೆರೆಯ ಭಯವುಂಟು. 2019ರ ಆಗಸ್ಟ್ ತಿಂಗಳಲ್ಲಿ ಘಟ್ಟ ಪ್ರದೇಶದ ಭಾರಿ ಮಳೆಯಿಂದ ಜಲಾಶಯದ ಒಳಹರಿವು ಹೆಚ್ಚಿ, ಅಪಾರ ಪ್ರಮಾಣದ ನೀರನ್ನು ಹೊರಬಿಟ್ಟಾಗ ಮುನವಳ್ಳಿ ಹಾಗೂ ರಾಮದುರ್ಗದ ತಗ್ಗು ಪ್ರದೇಶಗಳು ಜಲಾವೃತವಾದವು. ಪಟ್ಟದಕಲ್ಲಿನ ದೇವಾಲಯಗಳ ಆವರಣಕ್ಕೂ ನೀರು ನುಗ್ಗಿತು. ತಾಲ್ಲೂಕಿನ ಗಡಿಯೊಳಗಿನ ಮಳೆಯ ಅಂಕಿಗಳನ್ನು ಮಾತ್ರ ನೋಡುವವರಿಗೆ ಇಂತಹ ಆಪತ್ತು ಮುಂಚಿತವಾಗಿ ಕಾಣುವುದಿಲ್ಲ. ಆಡಳಿತದ ಗಡಿಯನ್ನು ಬದಿಗಿರಿಸಿ ಇಡೀ ಜಲಾನಯನ ಪ್ರದೇಶವನ್ನು ಒಂದಾಗಿ ಕಾಣುವಂತೆ ಮಾಡುವುದೇ ಭೂಮಾಹಿತಿ ನಕ್ಷೆಯ ಮೊದಲ ಉಪಯೋಗ.

ದತ್ತಾಂಶದ ಮೂಲಗಳು

ವಿದ್ಯಾರ್ಥಿಗಳಿಗೆ ಹೆಚ್ಚಿನ ಖರ್ಚಿಲ್ಲದೆ ದೊರೆಯುವ ಮುಖ್ಯ ಸಾಧನಗಳು ಇವು:

• ಕ್ಯೂಜಿಐಎಸ್: ಉಚಿತವಾಗಿ ದೊರೆಯುವ ಮುಕ್ತ ತಂತ್ರಾಂಶ. ನದಿ, ರಸ್ತೆ, ವಸತಿ, ಶಾಲೆ ಮೊದಲಾದವುಗಳನ್ನು ಬೇರೆ ಬೇರೆ ಪದರಗಳಾಗಿ ಒಂದರ ಮೇಲೊಂದು ಇರಿಸಿ ನೋಡಬಹುದು.
• ಭುವನ್: ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯು 2009ರಲ್ಲಿ ಆರಂಭಿಸಿದ ಜಾಲತಾಣ. ಉಪಗ್ರಹ ಚಿತ್ರಗಳನ್ನೂ ವಿಪತ್ತಿಗೆ ಸಂಬಂಧಿಸಿದ ನಕ್ಷೆಗಳನ್ನೂ ಒದಗಿಸುತ್ತದೆ.
• ಎಸ್‌ಆರ್‌ಟಿಎಂ: 2000ದ ಫೆಬ್ರವರಿಯಲ್ಲಿ ಬಾಹ್ಯಾಕಾಶ ನೌಕೆಯ ರೇಡಾರ್ ಮೂಲಕ ಸಂಗ್ರಹಿಸಿದ ನೆಲದ ಎತ್ತರದ ಮಾಹಿತಿ.
• ಸೆಂಟಿನೆಲ್-1: ಐರೋಪ್ಯ ಬಾಹ್ಯಾಕಾಶ ಸಂಸ್ಥೆಯ ರೇಡಾರ್ ಉಪಗ್ರಹ. ಮೋಡ ಕವಿದಿರುವಾಗಲೂ ರಾತ್ರಿಯಲ್ಲೂ ನೆಲದ ಚಿತ್ರ ತೆಗೆಯಬಲ್ಲದು.
• ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ: 1988ರಲ್ಲಿ ಬರ ಉಸ್ತುವಾರಿ ಘಟಕವಾಗಿ ಆರಂಭವಾಗಿ ಬೆಳೆದ ಸಂಸ್ಥೆ. ಗ್ರಾಮ ಪಂಚಾಯಿತಿ ಮಟ್ಟದ ಮಳೆಮಾಪಕಗಳಿಂದ ಮಾಹಿತಿ ಸಂಗ್ರಹಿಸುತ್ತದೆ.
• ದಿಶಾಂಕ್: ನಿಂತ ಸ್ಥಳದ ಸರ್ವೆ ನಂಬರನ್ನು ತೋರಿಸುವ, ಕರ್ನಾಟಕ ಸರ್ಕಾರದ ಮೊಬೈಲ್ ಆ್ಯಪ್.

ಪಾಠದ ಹಂತಗಳು

1. ಗಡಿ ಮತ್ತು ಹೆಸರುಗಳ ಹೊಂದಾಣಿಕೆ: ನಕ್ಷೆ ರಚಿಸುವ ಮೊದಲು ಸ್ಥಳನಾಮಗಳನ್ನು ಸರಿಪಡಿಸಿಕೊಳ್ಳಬೇಕು. ಮುಂಬಯಿ ಪ್ರಾಂತದ ಕಾಲದ ದಾಖಲೆಗಳಲ್ಲಿ ಬೈಲಹೊಂಗಲ ಸೀಮೆಯು ಸಂಪಗಾಂವ ತಾಲ್ಲೂಕೆಂದೂ ಸವದತ್ತಿ ಸೀಮೆಯು ಪರಸಗಡ ತಾಲ್ಲೂಕೆಂದೂ ಇವೆ. ರಾಮದುರ್ಗವು 1948ರವರೆಗೆ ಪ್ರತ್ಯೇಕ ಸಂಸ್ಥಾನವಾಗಿತ್ತು. 2011ರ ಜನಗಣತಿಯಲ್ಲಿ ಕಿತ್ತೂರು ಬೈಲಹೊಂಗಲ ತಾಲ್ಲೂಕಿನೊಳಗೇ ಇದೆ. ಆದ್ದರಿಂದ ಈಗಿನ ಕಿತ್ತೂರು ತಾಲ್ಲೂಕಿನ ಜನಸಂಖ್ಯೆಯನ್ನು ತಿಳಿಯಲು ಗ್ರಾಮವಾರು ಅಂಕಿಗಳನ್ನು ಹೊಸದಾಗಿ ಕೂಡಿಸಬೇಕಾಗುತ್ತದೆ. ಈ ಕೆಲಸವನ್ನು ಬಿಟ್ಟರೆ ಪರಿಹಾರ ಸಾಮಗ್ರಿಯ ಲೆಕ್ಕವೇ ತಪ್ಪುತ್ತದೆ.

2. ಜಲಾನಯನದ ಗುರುತಿಸುವಿಕೆ: ಎತ್ತರದ ದತ್ತಾಂಶದಿಂದ ಪ್ರತಿ ಹನಿ ಯಾವ ಕಡೆಗೆ ಇಳಿಯುತ್ತದೆಂದು ತಂತ್ರಾಂಶವು ಲೆಕ್ಕ ಹಾಕುತ್ತದೆ. ಹೀಗೆ ರಾಮದುರ್ಗಕ್ಕೆ ನೀರು ಒದಗಿಸುವ ನೆಲವೆಲ್ಲ ಒಂದೇ ಬಣ್ಣದಲ್ಲಿ ಕಾಣುತ್ತದೆ. ಆ ಬಣ್ಣವು ಘಟ್ಟದ ನೆತ್ತಿಯವರೆಗೆ ಹಬ್ಬುತ್ತದೆ.

3. ನೀರಿನ ಲೆಕ್ಕ: ರೇಣುಕಾ ಸಾಗರದ ಪೂರ್ಣ ಮಟ್ಟ 2079.50 ಅಡಿ, ಸಾಮರ್ಥ್ಯ ಸುಮಾರು 37.73 ಟಿಎಂಸಿ ಅಡಿ. ಎತ್ತರದ ದತ್ತಾಂಶ ಮೀಟರುಗಳಲ್ಲಿರುವುದರಿಂದ ಈ ಮಟ್ಟವನ್ನು 633.83 ಮೀಟರ್ ಎಂದು ಪರಿವರ್ತಿಸಿಕೊಳ್ಳಬೇಕು. ಸೆಕೆಂಡಿಗೆ ಒಂದು ಲಕ್ಷ ಘನ ಅಡಿಯಂತೆ (ಒಂದು ಲಕ್ಷ ಕ್ಯುಸೆಕ್) ಒಂದು ದಿನ ನೀರು ಹರಿದರೆ ಅದು 8.64 ಟಿಎಂಸಿ ಅಡಿಯಾಗುತ್ತದೆ. ಪೂರ್ಣ ಮಟ್ಟದ ಸನಿಹಕ್ಕೆ ಬಂದ ಜಲಾಶಯವು ದೊಡ್ಡ ಒಳಹರಿವನ್ನು ಎಷ್ಟು ಹೊತ್ತು ತಡೆದಿರಿಸಬಲ್ಲದು ಎಂಬುದು ಈ ಸರಳ ಗುಣಾಕಾರದಿಂದ ಸ್ಪಷ್ಟವಾಗುತ್ತದೆ.

4. ಮುಳುಗಡೆಯ ಗುರುತು: ನೆರೆಯ ಮುಂಚಿನ ಮತ್ತು ನೆರೆಯ ದಿನದ ರೇಡಾರ್ ಚಿತ್ರಗಳನ್ನು ಹೋಲಿಸಲಾಗುತ್ತದೆ. ನಿಶ್ಚಲವಾದ ನೀರು ರೇಡಾರ್ ಅಲೆಯನ್ನು ಬೇರೆಡೆಗೆ ಚಿಮ್ಮಿಸುವುದರಿಂದ ಚಿತ್ರದಲ್ಲಿ ಕಪ್ಪಾಗಿ ಕಾಣುತ್ತದೆ. ಆದರೆ ಬೆಳೆದು ನಿಂತ ಕಬ್ಬಿನ ಗದ್ದೆಯ ಬುಡದಲ್ಲಿ ನಿಂತ ನೀರು ಈ ಚಿತ್ರದಲ್ಲಿ ಕಾಣದೆ ಹೋಗಬಹುದು. ಒತ್ತಾಗಿ ಮನೆಗಳಿರುವ ಓಣಿಗಳಲ್ಲಿ ಅಲೆಯು ನೀರಿಗೂ ಗೋಡೆಗೂ ತಾಗಿ ಮರಳುವುದರಿಂದ ಮುಳುಗಿದ ಬೀದಿಯೂ ಒಣನೆಲದಂತೆ ತೋರಬಹುದು. ಹಾಗಾಗಿ ಚಿತ್ರದಲ್ಲಿ ಕಪ್ಪು ಇಲ್ಲವೆಂದ ಮಾತ್ರಕ್ಕೆ ನೀರೂ ಇಲ್ಲವೆಂದು ತೀರ್ಮಾನಿಸಲಾಗದು.

5. ದಾರಿ ಮತ್ತು ಆಶ್ರಯ: ನಿರಾಶ್ರಿತರಿಗಾಗಿ ತೆರೆಯುವ ಕಾಳಜಿ ಕೇಂದ್ರಗಳಿಗೆ ಸಾಮಾನ್ಯವಾಗಿ ಶಾಲೆ, ಸಮುದಾಯ ಭವನಗಳನ್ನು ಬಳಸಲಾಗುತ್ತದೆ. ನಕ್ಷೆಯ ಮೇಲೆ ನೇರ ಗೆರೆ ಎಳೆದು ಅತಿ ಹತ್ತಿರದ ಕೇಂದ್ರವನ್ನು ಆರಿಸಿದರೆ ಅದು ಹೊಳೆಯ ಆಚೆ ದಂಡೆಯಲ್ಲಿರಬಹುದು. ಸೇತುವೆ ಮುಳುಗಿದ ಮೇಲೆ ಒಂದು ಕಿಲೋಮೀಟರಿನ ದೂರವು ಹತ್ತಾರು ಕಿಲೋಮೀಟರಿನ ಸುತ್ತುದಾರಿಯಾಗುತ್ತದೆ. ಆದ್ದರಿಂದ ರಸ್ತೆಜಾಲದ ವಿಶ್ಲೇಷಣೆಯನ್ನು ಸೇತುವೆಗಳು ತೆರೆದಿರುವ ಸ್ಥಿತಿಯಲ್ಲೊಮ್ಮೆ, ಮುಚ್ಚಿದ ಸ್ಥಿತಿಯಲ್ಲೊಮ್ಮೆ ಮಾಡಿಸಲಾಗುತ್ತದೆ.

6. ಊರಿನಲ್ಲಿ ಪರಿಶೀಲನೆ: ಎಸ್‌ಆರ್‌ಟಿಎಂ ದತ್ತಾಂಶದ ಒಂದು ಚೌಕವು ಸುಮಾರು 30 ಮೀಟರ್ ಅಗಲವಿರುತ್ತದೆ. ಕಿರಿದಾದ ಹಳ್ಳ, ಹೊಲದ ಒಡ್ಡು, ಎತ್ತರದ ಕಟ್ಟೆಗಳು ಅದರಲ್ಲಿ ಮೂಡುವುದಿಲ್ಲ. ವಿದ್ಯಾರ್ಥಿಗಳು ಗ್ರಾಮಕ್ಕೆ ಹೋಗಿ, ಗೋಡೆಗಳ ಮೇಲೆ ಉಳಿದಿರುವ ನೆರೆಯ ಕಲೆಯನ್ನು ಅಳೆದು, ನೀರು ಮೊದಲು ಯಾವ ಓಣಿಗೆ ಬಂತು ಎಂಬುದನ್ನು ಹಿರಿಯರಿಂದ ಕೇಳಿ ತಿಳಿದು, ಆ ಸ್ಥಳಗಳ ಅಕ್ಷಾಂಶ–ರೇಖಾಂಶಗಳನ್ನು ಮೊಬೈಲ್‌ನಲ್ಲಿ ದಾಖಲಿಸುತ್ತಾರೆ. ಯಂತ್ರದ ನಕ್ಷೆ ಮತ್ತು ಜನರ ನೆನಪು ಹೊಂದದಿರುವ ಸ್ಥಳಗಳನ್ನು ಮತ್ತೆ ಪರಿಶೀಲಿಸುವುದೇ ಪಾಠದ ಅತಿ ಮುಖ್ಯ ಭಾಗ.

ನೆರೆಯಲ್ಲದ ಆಪತ್ತುಗಳು

ಸತತ ಮಳೆಗೆ ನೆನೆದು ಕುಸಿಯುವ ಮಣ್ಣಿನ ಗೋಡೆಯ ಮನೆಗಳು ಹೊಳೆಯಿಂದ ದೂರದ ಊರುಗಳಲ್ಲಿಯೂ ಇವೆ. ಇಂತಹ ಅಪಾಯವು ಮುಳುಗಡೆಯ ನಕ್ಷೆಯಲ್ಲಿ ಕಾಣದು. ಇದಕ್ಕೆ ಮನೆಗಳ ಸಮೀಕ್ಷೆಯೇ ಬೇಕು. ಸವದತ್ತಿಯ ಯಲ್ಲಮ್ಮನ ಗುಡ್ಡದಲ್ಲಿ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಂದು ಲಕ್ಷಾಂತರ ಭಕ್ತರು ಸೇರುತ್ತಾರೆ. ಅಲ್ಲಿ ಬಂಡಿ ಹಾಗೂ ವಾಹನಗಳ ದಾರಿ, ಕುಡಿಯುವ ನೀರು, ಆ್ಯಂಬುಲೆನ್ಸ್ ನಿಲ್ಲುವ ಜಾಗ, ಜನ ಹೊರಹೋಗುವ ಮಾರ್ಗ ಇವುಗಳ ನಕ್ಷೆ ರಚಿಸುವುದು ಉತ್ತಮ ಅಭ್ಯಾಸ. ಹೆದ್ದಾರಿಯ ಮೇಲಿರುವ ಕಿತ್ತೂರಿನಲ್ಲಿ ಅಪಘಾತ ಸ್ಥಳಗಳಿಂದ ಆಸ್ಪತ್ರೆಗೆ ತಗಲುವ ಸಮಯವನ್ನು ಲೆಕ್ಕ ಹಾಕಬಹುದು.

ಮಿತಿಗಳು ಮತ್ತು ಹೊಣೆಗಾರಿಕೆ

ಉಪಗ್ರಹವು ನೆರೆಯ ಗರಿಷ್ಠ ಮಟ್ಟದ ಹೊತ್ತಿಗೆ ಸರಿಯಾಗಿ ಹಾದುಹೋಗುತ್ತದೆಂಬ ಖಾತ್ರಿಯಿಲ್ಲ. ವಿದ್ಯುತ್ತೂ ಮೊಬೈಲ್ ಸಂಪರ್ಕವೂ ಕಡಿದಾಗ ಪರದೆಯ ನಕ್ಷೆ ಕೈಗೆ ಸಿಗುವುದಿಲ್ಲ. ಈ ಕಾರಣದಿಂದ ಪಂಚಾಯಿತಿ ಕಚೇರಿಯ ಗೋಡೆಗೆ ಅಂಟಿಸಬಹುದಾದ, ಕನ್ನಡ ಅಕ್ಷರಗಳುಳ್ಳ ಕಾಗದದ ಪ್ರತಿಯನ್ನೂ ಸಿದ್ಧಪಡಿಸುವುದು ಅಗತ್ಯ.

ನಕ್ಷೆಯ ಗೆರೆಗೆ ಜನರ ಬದುಕಿನ ಮೇಲೆ ಪರಿಣಾಮ ಬೀರುವ ಶಕ್ತಿಯಿದೆ. 2009ರ ನೆರೆಯ ನಂತರ ಉತ್ತರ ಕರ್ನಾಟಕದಲ್ಲಿ ‘ಆಸರೆ’ ಯೋಜನೆಯಡಿ ಸಂತ್ರಸ್ತರಿಗೆ ಹೊಸ ಮನೆಗಳನ್ನು ನಿರ್ಮಿಸಲಾಯಿತು. ಊರನ್ನು ಸ್ಥಳಾಂತರಿಸುವ ಪ್ರಶ್ನೆ ಬಂದಾಗ ಹೊಲ, ದನಕರು, ದುಡಿಮೆಯ ದಾರಿಗಳೂ ಲೆಕ್ಕಕ್ಕೆ ಬರಬೇಕಾಗುತ್ತವೆ. ನೆಲದ ಎತ್ತರವೊಂದೇ ಸಾಲದು. ಅಪಾಯದ ವಲಯದ ಗೆರೆಯೊಳಗೆ ಸೇರಿದ ಮನೆಯವರು ಸ್ಥಳಾಂತರದ ಚಿಂತೆಗೆ ಒಳಗಾಗುತ್ತಾರೆ. ತಪ್ಪಾಗಿ ಹೊರಗುಳಿದವರಿಗೆ ಮುನ್ನೆಚ್ಚರಿಕೆಯೇ ತಲುಪದಿರಬಹುದು. ವೃದ್ಧರು, ಅಂಗವಿಕಲರು ಇರುವ ಮನೆಗಳ ವಿವರ ರಕ್ಷಣಾ ಕಾರ್ಯಕ್ಕೆ ಬೇಕಾದರೂ ಅದನ್ನು ಬಹಿರಂಗ ನಕ್ಷೆಯಲ್ಲಿ ಪ್ರಕಟಿಸುವುದು ಸರಿಯಲ್ಲ. ದತ್ತಾಂಶದ ದಿನಾಂಕ, ಮೂಲ ಮತ್ತು ನಿಖರತೆಯನ್ನು ನಕ್ಷೆಯ ಮೇಲೆಯೇ ಬರೆಯುವ ರೂಢಿಯನ್ನು ವಿದ್ಯಾರ್ಥಿಗಳಿಗೆ ಮೊದಲಿನಿಂದಲೇ ಕಲಿಸಬೇಕಾಗುತ್ತದೆ.

ಇವನ್ನೂ ನೋಡಿ

• ಮಲಪ್ರಭಾ ನದಿ
• ನವಿಲುತೀರ್ಥ
• ಭೌಗೋಳಿಕ ಮಾಹಿತಿ ವ್ಯವಸ್ಥೆ
• ದೂರಸಂವೇದನೆ
• ಬೆಳಗಾವಿ ಜಿಲ್ಲೆ