ಬಿಸಿಲಿಗೊಂದು ಮಾನ, ಜ್ವರಕ್ಕೊಂದು ಮಾನ

ಹಳೆಯ ಅನಂತಪುರ ಜಿಲ್ಲೆಯ ರಾಯದುರ್ಗ, ಮಡಕಶಿರಾಗಳ ಕನ್ನಡ ಮನೆಗಳಲ್ಲಿಯೂ ಬಿಸಿಲನ್ನು ಸೆಲ್ಸಿಯಸ್‌ನಲ್ಲಿ, ಜ್ವರವನ್ನು ಫ್ಯಾರನ್‌ಹೀಟ್‌ನಲ್ಲಿ ಹೇಳುವ ರೂಢಿಯಿರುವುದರಿಂದ, 40 ಡಿಗ್ರಿ ಬಿಸಿಲು ಮತ್ತು 104 ಡಿಗ್ರಿ ಜ್ವರ ಎರಡೂ ಒಂದೇ ಉಷ್ಣತೆಯೆಂಬುದು ತಟ್ಟನೆ ಹೊಳೆಯುವುದಿಲ್ಲ. ಬ್ರಿಟಿಷರ ಕಾಲದ ಹವಾಮಾನ ದಾಖಲೆಗಳೂ ಫ್ಯಾರನ್‌ಹೀಟ್‌ನಲ್ಲಿರುವುದರಿಂದ, ಅಂದಿನ ಬೇಸಿಗೆಯನ್ನು ಇಂದಿನದರೊಡನೆ ಹೋಲಿಸಲು ಪರಿವರ್ತನೆ ಅನಿವಾರ್ಯ. ನೀರು ಹೆಪ್ಪುಗಟ್ಟುವ ಬಿಂದುವಿನಿಂದ ಕುದಿಯುವ ಬಿಂದುವಿನವರೆಗಿನ ಅಂತರವನ್ನು ಸೆಲ್ಸಿಯಸ್ ಮಾನವು 0ಯಿಂದ 100ರವರೆಗೂ, ಫ್ಯಾರನ್‌ಹೀಟ್ ಮಾನವು 32ರಿಂದ 212ರವರೆಗೂ, ಎಂದರೆ 180 ಭಾಗಗಳಾಗಿಯೂ ವಿಂಗಡಿಸುವುದರಿಂದ, ಫ್ಯಾರನ್‌ಹೀಟ್ ಅಂಕಿಯಲ್ಲಿ 32 ಕಳೆದು, ಉಳಿದುದನ್ನು 5ರಿಂದ ಗುಣಿಸಿ 9ರಿಂದ ಭಾಗಿಸಿದರೆ ಸೆಲ್ಸಿಯಸ್ ದೊರೆಯುತ್ತದೆ. ವಿದ್ಯಾವಂತರೂ ಎಡವುವುದು ಏರಿಳಿತದ ಲೆಕ್ಕದಲ್ಲಿ: ಉಷ್ಣತೆ 5 ಡಿಗ್ರಿ ಸೆಲ್ಸಿಯಸ್ ಏರಿದರೆ ಅದು 9 ಡಿಗ್ರಿ ಫ್ಯಾರನ್‌ಹೀಟ್ ಏರಿಕೆಯೇ ಹೊರತು 41 ಅಲ್ಲ, ಏಕೆಂದರೆ ವ್ಯತ್ಯಾಸಕ್ಕೆ 32ನ್ನು ಕೂಡಿಸುವಂತಿಲ್ಲ.